ಹಾಯಿದೋಣಿಯ ಕೆಲಸ: ದಿನದ ಲೆಕ್ಕವನ್ನು ದಡದಿಂದ ಶುರು ಮಾಡಿ

ಸೆಷೆಲ್ಸ್‌ನಲ್ಲಿ ಪ್ರವಾಸಿಗರ ಕ್ಯಾಟಮರಾನ್, ಅಂದರೆ ಜೋಡಿ ಒಡಲಿನ ಹಾಯಿದೋಣಿಯ ಮೇಲೆ ಕೆಲಸ ಮಾಡುತ್ತೇನೆ ಅಂದರೆ ಊರಲ್ಲಿ ಎಲ್ಲರೂ ಕೇಳುವುದು ಹಾಯಿಯ ಬಗ್ಗೆಯೇ. ಗಾಳಿ ಜೋರಾದರೆ ಏನು ಮಾಡುತ್ತೀರಿ, ದೋಣಿ ಮಗುಚುವುದಿಲ್ಲವಾ, ಭಯ ಆಗಲ್ವಾ ಅಂತ. ಹಾಯಿ ಏರಿಸಿ ಹೋಗುವುದು ಈ ಕೆಲಸದ ಸುಲಭದ ಭಾಗ ಅಂದರೆ ಯಾರೂ ನಂಬುವುದಿಲ್ಲ. ಕಷ್ಟ ಇರುವುದು ಕೊನೆಯ ನೂರು ಮೀಟರಿನಲ್ಲಿ. ದೊಡ್ಡ ದೋಣಿ ಲಂಗರು ಹಾಕಿ ನಿಂತಿದೆ, ಎದುರಿಗೆ ಬಿಳಿ ಮರಳು, ಅತಿಥಿಗಳು ಆಗಲೇ ಚಪ್ಪಲಿ ಕೈಯಲ್ಲಿ ಹಿಡಿದು ಹಿಂಭಾಗದ ಮೆಟ್ಟಿಲ ಮೇಲೆ ಬಂದು ನಿಂತಿದ್ದಾರೆ. ಅವರನ್ನು ಒಂದು ಸಣ್ಣ ರಬ್ಬರ್ ಡಿಂಗಿಯಲ್ಲಿ ಕೂರಿಸಿ, ಯಾರ ಕಾಲಿಗೂ ಪೆಟ್ಟಾಗದ ಹಾಗೆ ದಡ ಮುಟ್ಟಿಸಬೇಕು, ಸಂಜೆ ಹಾಗೆಯೇ ವಾಪಸ್ ಕರೆತರಬೇಕು.

ಈ ಕೆಲಸ ನನಗೆ ಕಲಿಸಿದ ಮುಖ್ಯ ವಿಷಯ ಒಂದೇ. ದಿನದ ಲೆಕ್ಕವನ್ನು ಹೊರಡುವ ಜಾಗದಿಂದ ಹಾಕಬಾರದು. ಎಲ್ಲಿ ಇಳಿಯುತ್ತೇವೆ, ಆಗ ನೀರು ಎಷ್ಟಿರುತ್ತದೆ, ತೆರೆ ಹೇಗಿರುತ್ತದೆ ಅನ್ನುವುದನ್ನು ಮೊದಲು ತೀರ್ಮಾನಿಸಬೇಕು. ಆಮೇಲೆ ಅಲ್ಲಿಂದ ಹಿಂದಕ್ಕೆ ಬರುತ್ತಾ ಬೆಳಗಿನ ತಿಂಡಿ ಎಷ್ಟು ಗಂಟೆಗೆ ಅನ್ನುವವರೆಗೆ ಲೆಕ್ಕ ಹಾಕಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಲಾ ಡೀಗ್ ದ್ವೀಪದ ಆನ್ಸ್ ಸೂರ್ಸ್ ದಾರ್ಜಾಂ ಕಡಲತೀರ ನೀವು ಫೋಟೋದಲ್ಲಿ ನೋಡಿಯೇ ಇರುತ್ತೀರಿ, ದೊಡ್ಡ ದೊಡ್ಡ ಗುಲಾಬಿ ಬೂದು ಬಣ್ಣದ ಬಂಡೆಗಳ ನಡುವೆ ತಿಳಿ ನೀರು. ಅದರ ಎದುರಿಗೆ ಹವಳದ ದಿಬ್ಬ ಅಡ್ಡ ಇದೆ, ಒಳಗೆ ನೀರು ತುಂಬಾ ಕಡಿಮೆ. ನಮ್ಮ ದೋಣಿ ಹತ್ತಿರಕ್ಕೂ ಹೋಗುವ ಹಾಗಿಲ್ಲ. ನೀರು ಇಳಿದಾಗ ಹೋದರೆ ಈಜುವುದು ಬಿಡಿ, ಮೊಣಕಾಲು ಮುಳುಗುವುದೂ ಕಷ್ಟ. ಅಂದರೆ ಉಬ್ಬರದ ಹೊತ್ತಿಗೆ ಅಲ್ಲಿರಬೇಕು. ಮಧ್ಯಾಹ್ನ ಎರಡಕ್ಕೆ ಉಬ್ಬರ ಅಂತ ಇಟ್ಟುಕೊಳ್ಳಿ. ಹನ್ನೆರಡಕ್ಕೆ ತೀರದಲ್ಲಿ ಇರಬೇಕು ಅಂದರೆ ಹತ್ತೂವರೆಗೆ ಲಾ ಪಾಸ್ ಬಂದರಿನಲ್ಲಿ ಇರಬೇಕು. ಆ ಬಂದರು ಚಿಕ್ಕದು. ಹಿಂಭಾಗ ದಡದ ಕಡೆ ಮಾಡಿ, ಹಗ್ಗ ಕಟ್ಟಿ, ಬೇರೆ ದೋಣಿಗಳ ಲಂಗರಿನ ಸರಪಳಿ ತಪ್ಪಿಸಿ ನಿಲ್ಲಿಸುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ. ಸಾಲದ್ದಕ್ಕೆ ಫೆರಿ ಬಂದು ಹೋಗುತ್ತಿರುತ್ತದೆ. ಪ್ರಾಲಿನ್ ದ್ವೀಪದ ಬೇ ಸೇಂಟ್ ಆನ್‌ನಿಂದ ಅಲ್ಲಿಗೆ ಹೆಚ್ಚು ಕಡಿಮೆ ಒಂದು ಗಂಟೆ ದಾರಿ, ಹಾಗಾಗಿ ಒಂಬತ್ತಕ್ಕೆ ಹೊರಡಬೇಕು. ಅಂದರೆ ಹಿಂದಿನ ರಾತ್ರಿ ಬೇ ಸೇಂಟ್ ಆನ್‌ನಲ್ಲೇ ಉಳಿದಿರಬೇಕು, ದ್ವೀಪದ ಆ ತುದಿಯ ಆನ್ಸ್ ಲಾಜಿಯೋದಲ್ಲಿ ಅಲ್ಲ. ನೋಡಿ, ಒಂದು ಮಧ್ಯಾಹ್ನದ ಈಜು ಹಿಂದಿನ ರಾತ್ರಿಯ ಮಲಗುವ ಜಾಗವನ್ನು ನಿರ್ಧರಿಸಿತು. ಬಂದರಿನಿಂದ ಆಮೇಲೆ ಸೈಕಲ್. ಲಾ ಡೀಗ್‌ನಲ್ಲಿ ಎಲ್ಲರೂ ಸೈಕಲ್ಲಿನಲ್ಲೇ ಓಡಾಡುತ್ತಾರೆ, ತೆಂಗಿನ ತೋಟದ ನಡುವಿನ ಆ ದಾರಿ ನನಗೆ ತುಂಬಾ ಇಷ್ಟ.

ಇನ್ನು ಗಾಳಿ. ಇಲ್ಲಿ ಎರಡೇ ಕಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದಿಂದ ಬೀಸುತ್ತದೆ, ಒಣ ಗಾಳಿ, ಜೋರು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯವ್ಯದಿಂದ, ಮಳೆಯ ಜೊತೆ. ನಡುವೆ ಏಪ್ರಿಲ್ ಮತ್ತು ಅಕ್ಟೋಬರ್, ನವೆಂಬರ್ ಹೊತ್ತಿಗೆ ಸಮುದ್ರ ಸಮಾಧಾನವಾಗಿರುತ್ತದೆ. ಜುಲೈನಲ್ಲಿ ಇಲ್ಲಿ ಬೀಸುವ ಅದೇ ಆಗ್ನೇಯ ಗಾಳಿ ಸಮಭಾಜಕ ವೃತ್ತ ದಾಟಿದ ಮೇಲೆ ತಿರುಗಿ ನೈಋತ್ಯ ಮುಂಗಾರಾಗಿ ನಮ್ಮ ಕರಾವಳಿಗೆ ಬರುತ್ತದೆ. ಇಲ್ಲಿ ಹಾಯಿ ತುಂಬಿದ ಗಾಳಿ ಮಲ್ಪೆಯಲ್ಲಿ ನಮ್ಮ ಮನೆಯ ಹೆಂಚಿನ ಮೇಲೆ ಮಳೆಯಾಗಿ ಬೀಳುತ್ತದೆ ಅಂತ ನೆನೆಸಿಕೊಂಡರೆ ಇವತ್ತಿಗೂ ಖುಷಿಯಾಗುತ್ತದೆ.

ಇಲ್ಲಿನ ಮುಖ್ಯ ದ್ವೀಪ ಮಾಹೆಯಿಂದ ಪ್ರಾಲಿನ್‌ಗೆ ಸುಮಾರು 45 ಕಿಲೋಮೀಟರ್, ದಿಕ್ಕು ಈಶಾನ್ಯ. ಆಗ್ನೇಯ ಗಾಳಿಯೂ ಅಡ್ಡಕ್ಕೆ ಸಿಗುತ್ತದೆ, ವಾಯವ್ಯ ಗಾಳಿಯೂ ಅಡ್ಡಕ್ಕೆ ಸಿಗುತ್ತದೆ. ಹಾಯಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅದಕ್ಕೇ ಹೇಳಿದ್ದು, ಪ್ರಯಾಣ ಸುಲಭ ಅಂತ. ಆದರೆ ಇಳಿಯುವ ಜಾಗ ಗಾಳಿಯ ಜೊತೆ ಪೂರ್ತಿ ಬದಲಾಗುತ್ತದೆ. ಆನ್ಸ್ ಲಾಜಿಯೋ ವಾಯವ್ಯಕ್ಕೆ ಮುಖ ಮಾಡಿದೆ. ಜುಲೈನಲ್ಲಿ ಅಲ್ಲಿ ನೀರು ಕೆರೆಯ ಹಾಗೆ. ಜನವರಿಯಲ್ಲಿ ಅದೇ ಮರಳಿನ ಮೇಲೆ ತೆರೆ ಒಡೆಯುತ್ತಿರುತ್ತದೆ. ಅರೀಡ್ ದ್ವೀಪದ ಕಥೆ ತದ್ವಿರುದ್ಧ. ಅದರ ಮರಳಿನ ತೀರ ಇರುವುದು ದಕ್ಷಿಣಕ್ಕೆ, ಆಗ್ನೇಯ ಗಾಳಿಯ ತಿಂಗಳುಗಳಲ್ಲಿ ಇಳಿಯುವುದು ಕಷ್ಟ, ಎಷ್ಟೋ ಸಲ ಆಗುವುದೇ ಇಲ್ಲ. ಹತ್ತು ಲಕ್ಷಕ್ಕೂ ಜಾಸ್ತಿ ಕಡಲ ಹಕ್ಕಿಗಳು ಸೇರುವ ದ್ವೀಪ ಅದು. ಅದನ್ನು ನೋಡಲೇಬೇಕು ಅಂತ ಬರುವವರಿಗೆ ಯಾವ ತಿಂಗಳಲ್ಲಿ ಬರಬೇಕು ಅಂತ ಬುಕಿಂಗ್ ಮಾಡುವಾಗಲೇ ಹೇಳಬೇಕು. ವಿಮಾನ ಇಳಿದ ಮೇಲೆ ಹೇಳಿದರೆ ಏನು ಪ್ರಯೋಜನ?

ಡಿಂಗಿಯ ವಿಷಯಕ್ಕೆ ಬರುತ್ತೇನೆ, ನಾನು ಅತಿ ಹೆಚ್ಚು ಕಲಿತದ್ದು ಇಲ್ಲಿ. ನಮ್ಮ ಕ್ಯಾಪ್ಟನ್ ಇಲ್ಲಿನವರೇ, ವಯಸ್ಸಾದವರು. ಲಂಗರು ಹಾಕಿದ ತಕ್ಷಣ ಡಿಂಗಿ ಇಳಿಸಲು ಬಿಡುವುದಿಲ್ಲ. ಹತ್ತು ನಿಮಿಷ ದಡ ನೋಡು ಅನ್ನುತ್ತಾರೆ. ದೂರದಿಂದ ನೋಡಿದರೆ ಎಲ್ಲ ತೀರವೂ ಶಾಂತವಾಗಿಯೇ ಕಾಣುತ್ತದೆ, ಯಾಕೆಂದರೆ ನಮಗೆ ಕಾಣುವುದು ತೆರೆಯ ಬೆನ್ನು. ಸುಮ್ನೆ ನಿಂತು ನೋಡುತ್ತಿದ್ದರೆ ಗೊತ್ತಾಗುತ್ತದೆ, ದೊಡ್ಡ ತೆರೆಗಳು ಮೂರು ನಾಲ್ಕು ಒಟ್ಟಿಗೆ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಬಿಡುವು. ಆ ಬಿಡುವಿನಲ್ಲೇ ಹೋಗಬೇಕು. ಇದನ್ನು ನಾನು ಮೊದಲು ನೋಡಿದ್ದು ಮಲ್ಪೆಯಲ್ಲಿ. ಜೂನ್, ಜುಲೈನಲ್ಲಿ ಟ್ರಾಲ್ ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತಿರುವಾಗ ನಾಡದೋಣಿಯವರು ತೆರೆ ಎಣಿಸಿ ನುಗ್ಗುತ್ತಾರಲ್ಲ, ಅದೇ ಲೆಕ್ಕ. ಸಾವಿರಾರು ಕಿಲೋಮೀಟರ್ ದೂರದ ಈ ಮನುಷ್ಯ ನಮ್ಮ ಊರಿನ ಹಿರಿಯರ ಮಾತನ್ನೇ ಹೇಳುತ್ತಿದ್ದಾರೆ ಅನ್ನಿಸಿತ್ತು.

ಹೋಗುವಾಗ ಎಲ್ಲರೂ ಡಿಂಗಿಯ ಒಳಗೆ ಕೆಳಗೆ ಕೂರಬೇಕು, ಅಂಚಿನ ಮೇಲಲ್ಲ. ಎಂಜಿನ್ ನಿಲ್ಲಿಸುವ ಹಗ್ಗ ಚಾಲಕನ ಕಾಲಿಗೆ ಕಟ್ಟಿರಲೇಬೇಕು, ಅವನು ನೀರಿಗೆ ಬಿದ್ದರೆ ಫ್ಯಾನು ತಕ್ಷಣ ನಿಲ್ಲಬೇಕು. ದಡ ಹತ್ತಿರವಾದಾಗ ಎಂಜಿನ್ ನಿಲ್ಲಿಸಿ ಮೇಲೆತ್ತಬೇಕು. ಇಳಿಯುವಾಗ ಒಂದು ನಿಯಮವನ್ನು ನಾನು ಪ್ರತಿ ಸಲ, ನೂರು ಸಲ ಕೇಳಿದವರಿಗೂ ಹೇಳುತ್ತೇನೆ. ಡಿಂಗಿ ಮತ್ತು ದಡದ ನಡುವೆ ಯಾರೂ ನಿಲ್ಲಬೇಡಿ. ಹಿಂದಿನಿಂದ ಒಂದು ತೆರೆ ಬಂದರೆ ಎಂಜಿನ್ನಿನ ಸಮೇತ ಅಷ್ಟೂ ಭಾರ ಮೊಣಕಾಲಿಗೆ ಬಡಿಯುತ್ತದೆ. ಮೊಣಕಾಲುದ್ದದ ನೀರಲ್ಲೂ ಮೂಳೆ ಮುರಿಯುತ್ತದೆ. ಆಮೇಲೆ ಡಿಂಗಿ ಎಲ್ಲಿ ಬಿಡುತ್ತೇವೆ ಅನ್ನುವುದು. ಹುಣ್ಣಿಮೆ, ಅಮಾವಾಸ್ಯೆ ಸುತ್ತ ಇಲ್ಲಿ ನೀರು ಒಂದೂವರೆ ಮೀಟರಿನಷ್ಟು ಏರಿಳಿಯುತ್ತದೆ. ನೀರು ಏರುತ್ತಿದ್ದರೆ ಹಿಂದಿನ ಉಬ್ಬರದ ಕಸದ ಗೆರೆಗಿಂತ ಮೇಲಕ್ಕೆ ಎಳೆದು ಮರಕ್ಕೆ ಕಟ್ಟಬೇಕು. ಇಳಿಯುತ್ತಿದ್ದರೆ ಎರಡು ಗಂಟೆ ಕಳೆದು ಬಂದಾಗ ಭಾರದ ಡಿಂಗಿಯನ್ನು ಉದ್ದಕ್ಕೆ ಮರಳಿನ ಮೇಲೆ ಎಳೆಯಬೇಕಾಗುತ್ತದೆ, ಹಾಗಾಗಿ ಸೊಂಟದುದ್ದ ನೀರಲ್ಲಿ ಪುಟ್ಟ ಲಂಗರು ಹಾಕಿ ಬಿಡುವುದು ವಾಸಿ.

ಒಂದು ಸಲ ಮೈಸೂರಿನ ಒಂದು ಕುಟುಂಬ ಬಂದಿತ್ತು. ಜೊತೆಗೆ ಎಪ್ಪತ್ತು ದಾಟಿದ ತಾಯಿ, ಮಂಡಿನೋವು, ಸೀರೆ. ಕ್ಯೂರಿಯೂಸ್ ದ್ವೀಪದಲ್ಲಿ ದೊಡ್ಡ ಆಮೆಗಳಿವೆ, ಆಲ್ಡಾಬ್ರಾ ಜಾತಿಯವು, ತಮ್ಮಷ್ಟಕ್ಕೆ ಓಡಾಡಿಕೊಂಡಿರುತ್ತವೆ. ಮಗ ಹೇಳಿದರು, "ಅಮ್ಮ ದೋಣಿಯಲ್ಲೇ ಇರಲಿ ಬಿಡಿ, ನಾವು ಫೋಟೋ ತಂದು ತೋರಿಸುತ್ತೇವೆ." ನನಗೆ ಅದು ಸರಿ ಕಾಣಲಿಲ್ಲ. ಅಷ್ಟು ದೂರ ಬಂದು ಫೋಟೋ ನೋಡಬೇಕಾ? ಉಬ್ಬರದ ಪಟ್ಟಿ ನೋಡಿದೆ, ಮರುದಿನ ಬೆಳಗ್ಗೆ ನೀರು ತುಂಬಿರುತ್ತಿತ್ತು. ಅವತ್ತಿನ ಕಾರ್ಯಕ್ರಮ ಹಿಂದುಮುಂದು ಮಾಡೋಣ ಅಂತ ಕ್ಯಾಪ್ಟನ್‌ಗೆ ಹೇಳಿದೆ, ಒಪ್ಪಿದರು. ಉಬ್ಬರದಲ್ಲಿ ಬೇ ಲಾರೇಯ ಮರಳಿನವರೆಗೂ ಡಿಂಗಿ ಹೋಗುತ್ತದೆ. ಆ ಅಮ್ಮ ಪಾದ ಮುಳುಗುವಷ್ಟು ನೀರಿಗೆ ಇಳಿದು ನಡೆದು ಹೋದರು. ಆಮೆಯ ಕುತ್ತಿಗೆ ಮೆಲ್ಲಗೆ ಸವರಿದರೆ ಅದು ಕುತ್ತಿಗೆ ಉದ್ದ ಮಾಡಿ ಎದ್ದು ನಿಲ್ಲುತ್ತದೆ. ಅವರು ತುಂಬಾ ಹೊತ್ತು ಸವರುತ್ತಾ ಕೂತರು. "ನೀನು ಯಾವೂರಪ್ಪ?" ಅಂದರು. "ಮಲ್ಪೆ ಅಮ್ಮ" ಅಂದೆ. "ಹಾಗಾದರೆ ಕೃಷ್ಣನ ಪಕ್ಕದವನೇ" ಅಂದರು. ಉಳಿದವರು ಮ್ಯಾಂಗ್ರೋವ್ ನಡುವಿನ ಮರದ ಹಾದಿಯಲ್ಲಿ ಆನ್ಸ್ ಸೇಂಟ್ ಜೋಸೆಗೆ ನಡೆದು, ಕುಷ್ಠರೋಗಿಗಳನ್ನು ಈ ದ್ವೀಪದಲ್ಲಿ ಇಟ್ಟಿದ್ದ ಕಾಲದ ವೈದ್ಯರ ಮನೆ ನೋಡಿ ಬಂದರು. ಪಟ್ಟಿಯಲ್ಲಿ ಎರಡು ಸಾಲು ಅದಲುಬದಲು ಮಾಡಿದ್ದಷ್ಟೇ ನನ್ನ ಕೆಲಸ.

ಎಲ್ಲ ದಡವೂ ನಮ್ಮದಲ್ಲ, ಇದೂ ಗೊತ್ತಿರಬೇಕು. ಕಸಿನ್ ದ್ವೀಪದಲ್ಲಿ ನಮ್ಮ ಡಿಂಗಿ ಮರಳು ಮುಟ್ಟುವ ಹಾಗಿಲ್ಲ. ಅಲ್ಲಿನ ಕಾವಲುಗಾರರು ತಮ್ಮ ದೋಣಿಯಲ್ಲಿ ಬಂದು ಜನರನ್ನು ಹತ್ತಿಸಿಕೊಂಡು, ವೇಗವಾಗಿ ನುಗ್ಗಿ ನೇರ ಮರಳಿನ ಮೇಲೆ ಏರಿಸುತ್ತಾರೆ. ಕಾರಣ ಇಲಿ. ಒಂದು ಗಬ್ಬದ ಇಲಿ ಚೀಲದಲ್ಲಿ ಬಂದರೆ ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಕಥೆ ಮುಗಿಯಿತು. 1968ರಲ್ಲಿ ಈ ದ್ವೀಪವನ್ನು ಹಕ್ಕಿಗಳಿಗಾಗಿಯೇ ಕೊಂಡುಕೊಂಡರು. ಆಗ ಸೆಷೆಲ್ಸ್ ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿ ಇಡೀ ಜಗತ್ತಿನಲ್ಲಿ 30ಕ್ಕಿಂತ ಕಡಿಮೆ ಉಳಿದಿತ್ತು, ಅದೂ ಇಲ್ಲೇ. ಈಗ ಅದರ ಸಂತತಿಯನ್ನು ಬೇರೆ ದ್ವೀಪಗಳಿಗೂ ಒಯ್ದು ಬಿಟ್ಟಿದ್ದಾರೆ. ಚೀಲ ಜಾಡಿಸಿ, ಚಪ್ಪಲಿ ತೊಳೆಯಿರಿ ಅಂದಾಗ ಅತಿಥಿಗಳು ಮುಖ ಸಿಂಡರಿಸುತ್ತಾರೆ. ಕಾರಣ ಹೇಳಿದರೆ ಅವರೇ ಮಕ್ಕಳ ಚೀಲ ತೆಗೆದು ನೋಡುತ್ತಾರೆ. ಹಾಂ, ಸೊಳ್ಳೆ ಜಾಸ್ತಿ, ಉದ್ದ ತೋಳಿನ ಅಂಗಿ ಹಾಕಿಸಿ.

"ಆಗಲ್ಲ" ಅನ್ನುವುದನ್ನು ಯಾವಾಗ ಹೇಳಬೇಕು ಅನ್ನುವುದೂ ಇದೇ ಲೆಕ್ಕದ ಭಾಗ. ಲಾ ಡೀಗ್‌ನ ಗ್ರಾಂಡ್ ಆನ್ಸ್ ಆಗ್ನೇಯ ಗಾಳಿಗೆ ಎದುರಿದೆ, ಜುಲೈನಲ್ಲಿ ಅಲ್ಲಿ ಸೆಳೆತ ಬಲು ಅಪಾಯ. ನೋಡಲು ಅಷ್ಟು ಚೆಂದ ಇರುವ ನೀರಿನ ಎದುರು ನಿಂತು, ಬೆವರಿ ಬಂದವರಿಗೆ ಇಳಿಯಬೇಡಿ ಅಂದರೆ ಜಗಳವೇ. ಅದಕ್ಕೆ ನಾನು ಮೊದಲ ಸಂಜೆಯೇ ಊಟದ ಮೇಜಿನ ಮೇಲೆ ನಕ್ಷೆ ಹರಡುತ್ತೇನೆ. ಈ ವಾರ ಯಾವ ತೀರದಲ್ಲಿ ಈಜಬಹುದು, ಯಾವುದನ್ನು ನೋಡಿ ಮಾತ್ರ ಬರಬೇಕು, ಅದರ ಬದಲು ಎಲ್ಲಿಗೆ ಹೋಗುತ್ತೇವೆ ಅಂತ ಮೂರನ್ನೂ ಒಟ್ಟಿಗೆ ಹೇಳಿಬಿಡುತ್ತೇನೆ. ಸಂಜೆ ಆರೂವರೆ ಸುಮಾರಿಗೆ ಇಲ್ಲಿ ಕತ್ತಲು, ವರ್ಷವಿಡೀ ಹಾಗೆಯೇ, ಮುಸ್ಸಂಜೆ ತುಂಬಾ ಚಿಕ್ಕದು. ಹವಳದ ಬಂಡೆ ಕಾಣಬೇಕಾದರೆ ಸೂರ್ಯ ಮೇಲಿರಬೇಕು, ಇಲ್ಲವೇ ಬೆನ್ನ ಹಿಂದಿರಬೇಕು. ಹಾಗಾಗಿ ನಾಲ್ಕು ಗಂಟೆಯ ಒಳಗೆ ಲಂಗರು ಬಿದ್ದಿರಬೇಕು ಅನ್ನುವುದನ್ನೂ ಅವತ್ತೇ ಹೇಳುತ್ತೇನೆ.

ಪ್ರಾಲಿನ್‌ನ ವಾಲೆ ದ ಮೇ ಕಾಡಿಗೆ ತೆರೆಯ ಚಿಂತೆ ಇಲ್ಲ, ಬೇ ಸೇಂಟ್ ಆನ್‌ನಿಂದ ಟ್ಯಾಕ್ಸಿ ಸಿಗುತ್ತದೆ. 20 ಹೆಕ್ಟೇರ್ ಕೂಡ ಇಲ್ಲದ ಆ ಕಾಡು 1983ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಜಗತ್ತಿನ ಅತಿ ದೊಡ್ಡ ಬೀಜ ಬಿಡುವ ಕೊಕೊ ದ ಮೇರ್ ತಾಳೆ ಸಹಜವಾಗಿ ಬೆಳೆಯುವುದು ಪ್ರಾಲಿನ್ ಮತ್ತು ಕ್ಯೂರಿಯೂಸ್‌ನಲ್ಲಿ ಮಾತ್ರ. ಅದರ ಖಾಲಿ ಕಾಯಿ ತೇಲುತ್ತಾ ನಮ್ಮ ದೇಶದ ತೀರಕ್ಕೂ ಬರುತ್ತಿತ್ತು, ಸಾಧುಗಳ ಕೈಯ ಕಪ್ಪು ಕಮಂಡಲಗಳಲ್ಲಿ ಎಷ್ಟೋ ಇದೇ ಕಾಯಿಯವು. ಕೊಳ್ಳುವ ಆಸೆ ಇದ್ದವರಿಗೆ ಸರ್ಕಾರದ ಗುರುತು ಮತ್ತು ಪರವಾನಗಿ ಇರುವ ಕಾಯಿಯನ್ನೇ ಕೊಳ್ಳಿ ಅಂತ ಹೇಳಿ.

ನಮ್ಮ ಕರಾವಳಿಯ ಹುಡುಗ ಹುಡುಗಿಯರು ಈ ಕೆಲಸಕ್ಕೆ ಬರಬೇಕು ಅಂತ ನನಗೆ ನಿಜವಾಗಿ ಆಸೆ. ತೆರೆ ಓದುವುದು ನಮಗೆ ಮನೆಯಲ್ಲೇ ಬರುತ್ತದೆ, ಅದು ದೊಡ್ಡ ಬಂಡವಾಳ. ಎಸ್‌ಟಿಸಿಡಬ್ಲ್ಯೂ ಅನ್ನುವ, ಹಡಗಿನಲ್ಲಿ ದುಡಿಯುವವರ ಸುರಕ್ಷತಾ ತರಬೇತಿ ಮುಗಿಸಿ, ಈಜು ಗಟ್ಟಿ ಮಾಡಿಕೊಳ್ಳಿ, ಅಡುಗೆ ಬಂದರೆ ಇನ್ನೂ ಒಳ್ಳೆಯದು. ಹೊಸಬರು ಬಂದರೆ ನಮ್ಮ ಕ್ಯಾಪ್ಟನ್ ಮೊದಲು ಹಾಯಿ ಮುಟ್ಟಿಸುವುದಿಲ್ಲ. ಡಿಂಗಿ ಕೊಟ್ಟು, ನಾಲ್ಕು ನೀರಿನ ಕ್ಯಾನು ದಡಕ್ಕೆ ಇಳಿಸಿ ವಾಪಸ್ ತಾ ಅನ್ನುತ್ತಾರೆ, ಅಷ್ಟರಲ್ಲಿ ಅವರಿಗೆ ಬೇಕಾದ್ದೆಲ್ಲ ಗೊತ್ತಾಗಿಬಿಡುತ್ತದೆ. ಪ್ರವಾಸಿಯಾಗಿ ಬಂದು ಇಲ್ಲಿ ದುಡಿಯುವ ಹಾಗಿಲ್ಲ. ಗೇನ್‌ಫುಲ್ ಆಕ್ಯುಪೇಶನ್ ಪರ್ಮಿಟ್ ಅನ್ನುವ ಕೆಲಸದ ಪರವಾನಗಿ ಬೇಕು, ಅದಕ್ಕೆ ಅರ್ಜಿ ಹಾಕುವುದು ಕೆಲಸ ಕೊಡುವವರು. ಅದರ ಪ್ರತಿ ಕೈಗೆ ಬರುವವರೆಗೆ ಯಾವ ಏಜೆಂಟಿಗೂ ದುಡ್ಡು ಕೊಡಬೇಡಿ, ಟಿಕೆಟ್ಟೂ ತೆಗೆಯಬೇಡಿ.