ಕಲ್ಯಾಣದ ದ್ವಾರಪಾಲಕ ತಂಜಾವೂರಿನಲ್ಲಿ

ತಂಜಾವೂರಿಗೆ ಹೋಗುವ ಕನ್ನಡಿಗರಲ್ಲಿ ಹೆಚ್ಚಿನವರು ಬೃಹದೀಶ್ವರ ದೇವಾಲಯವನ್ನು ನೋಡಿ, ನಂದಿಯ ಮುಂದೆ ಚಿತ್ರ ತೆಗೆಸಿಕೊಂಡು, ಕುಂಭಕೋಣಕ್ಕೋ ಶ್ರೀರಂಗಕ್ಕೋ ಹೊರಟುಬಿಡುತ್ತಾರೆ. ದೇವಾಲಯದಿಂದ ಅರ್ಧ ಗಂಟೆಯೊಳಗೆ ನಡೆದು ಮುಟ್ಟಬಹುದಾದ ಹಳೆಯ ಅರಮನೆಯೊಳಗೆ 1951ರಲ್ಲಿ ಆರಂಭವಾದ ಕಲಾ ಸಂಗ್ರಹಾಲಯವೊಂದಿದೆ. ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಸುಮಾರು ಸಾವಿರ ವರ್ಷಗಳ ಹಿಂದೆ ಚೋಳರು ಹೊತ್ತು ತಂದ ಕಲ್ಲಿನ ದ್ವಾರಪಾಲಕನೊಬ್ಬ ಅಲ್ಲಿದ್ದಾನೆ. ಅವನನ್ನು ನೋಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಅಕ್ಕನ ಮಗಳು ತಂಜಾವೂರಿನಲ್ಲಿಯೇ ಓದುತ್ತಿದ್ದುದರಿಂದ ಕಳೆದ ಧನುರ್ಮಾಸದಲ್ಲಿ ಅದು ಕೂಡಿಬಂತು. ಮಧ್ಯಾಹ್ನ ದೇವಾಲಯದ ಬಾಗಿಲು ಮುಚ್ಚಿರುವ ಹೊತ್ತನ್ನು ಸಂಗ್ರಹಾಲಯದಲ್ಲಿ ಕಳೆದು, ಬಿಸಿಲು ಇಳಿದ ಮೇಲೆ ಅಲ್ಲಿಂದ ದೇವಾಲಯಕ್ಕೆ ನಡೆದೇ ಹೋಗುವುದೆಂದು ಇಬ್ಬರೂ ಮಾತಾಡಿಕೊಂಡೆವು.

ಅರಮನೆಯನ್ನು ಕಟ್ಟಿದವರು ನಾಯಕ ಅರಸರು, ಬೆಳೆಸಿದವರು ಭೋಸಲೆ ವಂಶದ ಮರಾಠರು. ಆ ವಂಶದ ಮೊದಲಿಗನಾದ ಏಕೋಜಿ ಇಲ್ಲಿಗೆ ಬಂದದ್ದು ಬೆಂಗಳೂರಿನಿಂದ. ತಂದೆ ಶಹಾಜಿಗೆ ಬಿಜಾಪುರದ ಸುಲ್ತಾನರು ಕೊಟ್ಟಿದ್ದ ಜಹಗೀರಿನಿಂದ ಹೊರಟು 1670ರ ದಶಕದಲ್ಲಿ ಅವನು ತಂಜಾವೂರನ್ನು ಹಿಡಿದ. ದರ್ಬಾರಿನ ಸಭಾಂಗಣದಲ್ಲಿ ಎರಡನೆಯ ಸರಫೋಜಿಯ ಬಿಳಿಯ ಅಮೃತಶಿಲೆಯ ಪ್ರತಿಮೆಯಿದೆ. ಅದನ್ನು ಕಡೆದವನು ಇಂಗ್ಲೆಂಡಿನ ಶಿಲ್ಪಿ ಜಾನ್ ಫ್ಲ್ಯಾಕ್ಸ್‌ಮನ್. ಹಾಲಿನಂತಹ ಆ ಕಲ್ಲಿನ ಮುಂದೆ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಿಲ್ಲಿಸಿದ್ದು ಕಂಚು. ತಿರುವೆಂಕಾಡಿನ ನೆಲದಡಿ ಸಿಕ್ಕಿದ ವೃಷಭವಾಹನ ಶಿವನ ಮುಂದೆ ಯಾರೂ ಅವಸರ ಮಾಡಲಾರರು. 1011ರಲ್ಲಿ, ಅಂದರೆ ರಾಜರಾಜ ಚೋಳನ ಕಾಲದಲ್ಲಿಯೇ, ಈ ಮೂರ್ತಿಯನ್ನು ಮಾಡಿಸಿದ್ದೆಂದು ಆ ಊರಿನ ದೇವಾಲಯದ ಶಾಸನ ಹೇಳುತ್ತದೆ. ಕಾಲಿನ ಮೇಲೆ ಕಾಲು ಹಾಕಿ, ಜಟೆಯನ್ನು ಮುಂಡಾಸಿನಂತೆ ಸುತ್ತಿ, ಪಕ್ಕದ ಬಸವನ ಮೇಲೆ ಒಂದು ಕೈಯನ್ನು ಒರಗಿಸಿ ಶಿವ ನಿಂತಿದ್ದಾನೆ. ಆದರೆ ಬಸವ ಇಲ್ಲ, ಅದು ಎಂದೋ ಕಳೆದುಹೋಗಿದೆ. ಕೈ ಮಾತ್ರ ಅಷ್ಟೇ ನೆಮ್ಮದಿಯಿಂದ ಬರಿಯ ಗಾಳಿಯ ಮೇಲೆ ಒರಗಿದೆ. ಸುತ್ತಲಿನ ಬೇರೆ ಕಂಚುಗಳ ಪೀಠಗಳನ್ನು ಬಗ್ಗಿ ನೋಡಿದರೆ ಕೋಲು ತೂರಿಸುವ ತೂತುಗಳೂ ಹಗ್ಗ ಬಿಗಿಯುವ ಬಳೆಗಳೂ ಕಾಣುತ್ತವೆ. ಕೆಲವು ಮೂರ್ತಿಗಳ ಮೂಗು ಗಲ್ಲಗಳು ತಲೆಮಾರುಗಳ ಅಭಿಷೇಕಕ್ಕೂ ಉಜ್ಜಾಟಕ್ಕೂ ಸಿಕ್ಕಿ ನುಣುಪಾಗಿವೆ. ಇವೆಲ್ಲ ಬೀದಿಯಲ್ಲಿ ಮೆರೆದ ಉತ್ಸವಮೂರ್ತಿಗಳು; ಹೂವು, ಪಟ್ಟೆ, ಆಭರಣಗಳ ನಡುವೆ ಮುಖವಷ್ಟೇ ಕಾಣುವಂತೆ ಅಲಂಕಾರಗೊಂಡು ಹೆಗಲ ಮೇಲೆ ಸಾಗಿದವು. ಮೈಯ ಒಂದೊಂದು ಬಾಗನ್ನೂ ನಮಗೆ ತೋರಿಸಿ ನಿಂತಿರುವ ಈ ಸ್ಥಿತಿ ಅವುಗಳಿಗೆ ಹೊಸದು. ಈ ನೋಟದ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಬೆನ್ನಿನ ಮೇಲೆ ಇಳಿಬಿದ್ದ ಜಟೆಯ ಎಳೆಗಳನ್ನು ಯಾವ ಗರ್ಭಗುಡಿಯಲ್ಲಿಯೂ ನಾನು ನೋಡಿರಲಾರೆ.

ಕಲ್ಯಾಣದ ದ್ವಾರಪಾಲಕನ ಕಲ್ಲೇ ಬೇರೆ. ಸುತ್ತಲಿನ ಚೋಳ ಶಿಲ್ಪಗಳ ನಡುವೆ ಅವನ ಕಪ್ಪು ಮೈ, ಒತ್ತಾಗಿ ಬಿಡಿಸಿದ ಒಡವೆಗಳ ಕೆತ್ತನೆ ದೂರದಿಂದಲೇ ಗುರುತು ಸಿಗುತ್ತವೆ. ಗದಗ, ಇಟಗಿ, ಲಕ್ಕುಂಡಿಗಳನ್ನು ನೋಡಿದ ಕಣ್ಣಿಗೆ ಅದು ನಮ್ಮ ಕಡೆಯ ಕೈ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕನ ಮಗಳು ಪೀಠದ ಬಳಿ ಕುಳಿತು ತಮಿಳಿನ ಹಳೆಯ ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದವಳು, "ಮಾವ, ಇಲ್ಲಿ ನೋಡಿ, ಕಲ್ಯಾಣಪುರಂ ಅಂತ ಇದೆ" ಎಂದಳು. ವಿಜಯರಾಜೇಂದ್ರ ದೇವರು ಕಲ್ಯಾಣಪುರವನ್ನು ಹಾಳುಗೆಡವಿ ತಂದ ದ್ವಾರಪಾಲಕ ಎಂಬುದು ಆ ಬರಹದ ತಾತ್ಪರ್ಯ. ವಿಜಯರಾಜೇಂದ್ರ ಎಂದರೆ ರಾಜರಾಜನ ಮೊಮ್ಮಗ ರಾಜಾಧಿರಾಜ. 11ನೆಯ ಶತಮಾನದ ನಡುಭಾಗದಲ್ಲಿ ಚಾಲುಕ್ಯ ಅರಸ ಒಂದನೆಯ ಸೋಮೇಶ್ವರನ ರಾಜಧಾನಿಗೆ ನುಗ್ಗಿದವನು, 1054ರಲ್ಲಿ ಅದೇ ಚಾಲುಕ್ಯರೊಡನೆ ಕೊಪ್ಪಂನಲ್ಲಿ ಕಾದಾಡುತ್ತ ಆನೆಯ ಮೇಲೆಯೇ ಮಡಿದವನು. ಮೂರ್ತಿ ಮುಂದೆ ಕುಂಭಕೋಣದ ಬಳಿಯ ದಾರಾಸುರದ ಗುಡಿಯನ್ನು ಸೇರಿ, ಅಲ್ಲಿಂದ ಈ ಅರಮನೆಗೆ ಬಂದಿದೆ. ಬಾಗಿಲು ಕಾಯುವುದಕ್ಕೆಂದೇ ಕಡೆದ ಮೂರ್ತಿಯನ್ನು, ಅದು ಕಾಯುತ್ತಿದ್ದ ಬಾಗಿಲನ್ನು ಮುರಿದ ಗುರುತಿಗಾಗಿಯೇ ಎತ್ತಿಕೊಂಡು ಬಂದದ್ದನ್ನು ನೆನೆದಾಗ ನನಗೆ ಮಾತು ಹೊರಡಲಿಲ್ಲ. ಕಲ್ಯಾಣದಿಂದ ಕಾವೇರಿಯ ಬಯಲಿನವರೆಗೆ ಎಷ್ಟು ಹೊಳೆಗಳನ್ನು ದಾಟಿಸಿ ಈ ಕಲ್ಲನ್ನು ತಂದರೋ ಏನೋ.

ನಾಲ್ಕು ಗಂಟೆಯ ಸುಮಾರಿಗೆ ಹೊರಬಿದ್ದೆವು. ಬೀದಿಯಲ್ಲಿ ಬೆಳಗಿನ ರಂಗೋಲಿಗಳು ಮಾಸಿದ್ದವು. ಅವುಗಳ ನಡುವೆ ಸಗಣಿಯ ಉಂಡೆಗೆ ಸಿಕ್ಕಿಸಿದ್ದ ಕುಂಬಳದ ಹೂಗಳು ಬಾಡಿದ್ದವು. ಹಳೆಯ ಬಸ್ ನಿಲ್ದಾಣದ ಗದ್ದಲ, ತಲೆಯಾಡಿಸುವ ಗೊಂಬೆಗಳ ಅಂಗಡಿ, ಕಾಫಿ ಇವೆಲ್ಲ ಬೇಗ ಹಿಂದಾದವು. ದೇವಾಲಯದ ಬಳಿ ಹಾದುಹೋಗುವ ಕಾಲುವೆಯ ಹತ್ತಿರ ಮಾತ್ರ ನಾನು ಸ್ವಲ್ಪ ಹೊತ್ತು ನಿಂತೆ. ಊರಿನವರು ಇದನ್ನು ಪುದು ಆರು, ಹೊಸ ಹೊಳೆ ಎನ್ನುತ್ತಾರೆ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಕಾಲದ ಯೋಜನೆಯಲ್ಲಿ ಕಾವೇರಿಯ ಹಳೆಯ ಅಣೆಕಟ್ಟಾದ ಕಲ್ಲಣೆಯಿಂದ ತೋಡಿದ ಕಾಲುವೆ ಇದು. ಕೊಡಗಿನಲ್ಲಿ ಹುಟ್ಟಿದ ನೀರಿನ ಮೇಲೆ ಇಂದಿಗೂ ಎರಡು ಸೀಮೆಗಳ ಜನ ಜಗಳವಾಡುತ್ತೇವೆ. ದ್ವಾರಪಾಲಕನನ್ನು ಆಗಷ್ಟೇ ನೋಡಿ ಬಂದಿದ್ದ ನನಗೆ ಈ ಜಗಳದ ಪ್ರಾಯ ಎಷ್ಟೆಂಬುದು ಹೊಸದಾಗಿ ತಟ್ಟಿತು.

ದೇವಾಲಯದ ಮೊದಲ ಗೋಪುರದ ಹೆಸರೇ ಕೇರಳಾಂತಕನ ಬಾಗಿಲು; ರಾಜರಾಜ ಕೇರಳವನ್ನು ಗೆದ್ದ ನೆನಪಿಗೆ ಇಟ್ಟದ್ದು. ಅದನ್ನು ದಾಟಿದರೆ ರಾಜರಾಜನ ಬಾಗಿಲು, ಅದರ ಎರಡೂ ಬದಿಗೆ ಆಳೆತ್ತರವನ್ನು ಬಹಳ ಮೀರಿದ ದ್ವಾರಪಾಲಕರು. ಒಬ್ಬನ ಕಾಲ ಬಳಿ ಹಾವೊಂದು ಆನೆಯನ್ನು ನುಂಗುತ್ತಿದೆ. ಆನೆಯನ್ನೇ ನುಂಗುವ ಹಾವು ಇವನ ಗದೆಯ ಬುಡದಲ್ಲಿ ಹುಳುವಿನಷ್ಟು ಸಣ್ಣದಾಗಿ ಕಾಣುವಾಗ ಇವನೆಷ್ಟು ದೊಡ್ಡವನು, ಇವನು ಕಾಯುವ ದೇವರೆಷ್ಟು ದೊಡ್ಡವನು ಎಂದು ಲೆಕ್ಕ ಹಾಕಿಕೊಳ್ಳಲು ಶಿಲ್ಪಿ ನಮಗೇ ಬಿಟ್ಟಿದ್ದಾನೆ. ಇವರ ಕೆಳಗೆ ಮಕ್ಕಳು ಓಡುತ್ತಿದ್ದರು, ಹೂವಿನ ಬುಟ್ಟಿ ಹಿಡಿದ ಹೆಂಗಸರು ಒಳಗೆ ಹೋಗುತ್ತಿದ್ದರು. ಕೆಲಸದ ಮೇಲಿರುವ ಕಾವಲುಗಾರರನ್ನು ನೋಡಿದಾಗಲೇ ಅರಮನೆಯಲ್ಲಿರುವ ಕಾವಲುಗಾರನಿಗೆ ಏನು ತಪ್ಪಿಹೋಗಿದೆಯೆಂದು ನನಗೆ ಸರಿಯಾಗಿ ತಿಳಿದದ್ದು.

1010ರಲ್ಲಿ ಕಲಶ ಕಂಡ ವಿಮಾನ ಹದಿಮೂರು ನೆಲೆಗಳಲ್ಲಿ ಸುಮಾರು 200 ಅಡಿ ಮೇಲಕ್ಕೆ ಹೋಗುತ್ತದೆ. ಅದರ ನೆರಳು ನೆಲಕ್ಕೆ ಬೀಳುವುದಿಲ್ಲವೆಂಬ ಕಥೆ ಪ್ರಸಿದ್ಧವಾಗಿದ್ದರೂ ಸಂಜೆಯ ನೆರಳು ಅಂಗಳದ ಹಾಸುಗಲ್ಲಿನ ಮೇಲೆ ಉದ್ದಕ್ಕೆ ಚಾಚಿತ್ತು, ಜನ ಅದರಲ್ಲಿಯೇ ಕುಳಿತಿದ್ದರು. ನನಗೆ ಬೇಕಾಗಿದ್ದುದು ವಿಮಾನದ ಬುಡ. ತಾನು ಕೊಟ್ಟದ್ದನ್ನು, ತನ್ನ ಅಕ್ಕ ಕೊಟ್ಟದ್ದನ್ನು, ರಾಣಿಯರು ಮತ್ತು ಉಳಿದವರು ಕೊಟ್ಟದ್ದನ್ನು ಕಲ್ಲಿನಲ್ಲಿ ಬರೆಯಿರಿ ಎಂದು ರಾಜರಾಜ ಅಪ್ಪಣೆ ಮಾಡಿದ. ಅಧಿಷ್ಠಾನದ ಪಟ್ಟಿಗಳ ಉದ್ದಕ್ಕೂ ಆ ಲೆಕ್ಕವೇ ಹಬ್ಬಿದೆ. ಕಂಚಿನ ಮೂರ್ತಿ ಎಷ್ಟು ಮೊಳ ಎಷ್ಟು ಬೆರಳು ಎತ್ತರ, ಎಷ್ಟು ಕೈ, ಯಾವ ಪೀಠ, ಒಡವೆಯಲ್ಲಿ ಮುತ್ತು ಎಷ್ಟು, ಹವಳ ಎಷ್ಟು ಎಂಬುದೆಲ್ಲ ಇದೆ. ತೂಕದ ಕಲ್ಲಿಗೂ ಆಡವಲ್ಲಾನ್ ಎಂದು ನಟರಾಜನ ಹೆಸರು. ಯಾವ ಸಂಗ್ರಹಾಲಯದ ದಾಖಲೆ ಪುಸ್ತಕವೂ ಇದಕ್ಕಿಂತ ಕಟ್ಟುನಿಟ್ಟಾಗಿಲ್ಲ. ಪಟ್ಟಿ ಉಳಿದಿದೆ, ಪಟ್ಟಿಯಲ್ಲಿರುವ ಮೂರ್ತಿಗಳಲ್ಲಿ ಬಹುಪಾಲು ಉಳಿದಿಲ್ಲ.

ಆ ಲೆಕ್ಕದಲ್ಲಿಯೇ ಕನ್ನಡ ನಾಡಿನ ಒಂದು ಬಾಬ್ತು ಇದೆ. ಚಾಲುಕ್ಯ ಅರಸ ಸತ್ಯಾಶ್ರಯನನ್ನು ಸೋಲಿಸಿ ಬಂದ ರಾಜರಾಜ ಚಿನ್ನದ ಹೂಗಳನ್ನು ದೇವರ ಪಾದಕ್ಕೆ ಸುರಿದನೆಂದು ಶಾಸನ ನಮೂದಿಸುತ್ತದೆ. ಆ ಯುದ್ಧದ ಇನ್ನೊಂದು ಬರಹ ಹಾವೇರಿ ಸೀಮೆಯ ಹೊಟ್ಟೂರಿನಲ್ಲಿ ಕನ್ನಡದಲ್ಲಿದೆ: 1007ರ ಆ ಶಾಸನ ಒಂಬತ್ತು ಲಕ್ಷ ದಂಡಿನೊಡನೆ ಬಂದ ಚೋಳನು ಈ ನಾಡನ್ನು ಸೂರೆಗೊಂಡು ಹೆಂಗಸರನ್ನೂ ಮಕ್ಕಳನ್ನೂ ಕೊಂದನೆಂದು ಹೇಳುತ್ತದೆ. ದಂಡಿನ ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು, ನೋವಿನಲ್ಲಿ ಇರಲಾರದು. ಹೊಟ್ಟೂರಿನ ಕಲ್ಲನ್ನು ಬಲ್ಲವರು ತಂಜಾವೂರಿನ ಚಿನ್ನದ ಹೂವನ್ನು ಅದರಿಂದ ಬೇರೆಯಾಗಿ ಓದಲಾರರು. ಇದನ್ನು ಅಕ್ಕನ ಮಗಳಿಗೆ ಹೇಳಿದಾಗ, "ನಮ್ಮವರು ಇಲ್ಲಿಗೆ ಬಂದು ಏನೂ ಮಾಡಿಲ್ಲವೇ, ಮಾವ?" ಎಂದು ಕೇಳಿದಳು. ಮಾಡಿದ್ದಾರೆ. ಬಾದಾಮಿಯ ಚಾಲುಕ್ಯರು ಕಂಚಿಯವರೆಗೂ ದಂಡೆತ್ತಿ ಬಂದವರು. ಆದರೆ 8ನೆಯ ಶತಮಾನದಲ್ಲಿ ಕಂಚಿಯನ್ನು ಹಿಡಿದ ಎರಡನೆಯ ವಿಕ್ರಮಾದಿತ್ಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟು, ಆ ಮಾತನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ನನಗೆ ನಮ್ಮ ಅರಸರ ಗೆಲುವುಗಳಲ್ಲೆಲ್ಲ ಹೆಮ್ಮೆಯೆನಿಸುವುದು ಈ ಒಂದು ಕಂಬ.

ದೇವರಿಗೆ ಹಿಂದಿರುಗಿಸುವ ಕೆಲಸ ನಮ್ಮ ಕಾಲದಲ್ಲಿಯೂ ನಡೆದಿದೆ. ಇದೇ ಬೃಹದೀಶ್ವರ ದೇವಾಲಯದಿಂದ ಕಾಣೆಯಾಗಿದ್ದ ರಾಜರಾಜ ಮತ್ತು ಅವನ ರಾಣಿ ಲೋಕಮಹಾದೇವಿಯರ ಕಂಚಿನ ಮೂರ್ತಿಗಳು ಅಹಮದಾಬಾದಿನ ಸಂಗ್ರಹಾಲಯವೊಂದರಲ್ಲಿದ್ದು, 2018ರಲ್ಲಿ ತಂಜಾವೂರಿಗೆ ಮರಳಿದವು. ಹಾಗಾದರೆ ಕಲ್ಯಾಣದ ದ್ವಾರಪಾಲಕನೂ ಊರಿಗೆ ಮರಳಬೇಕೇ ಎಂಬ ಮಾತು ನಮ್ಮಿಬ್ಬರ ನಡುವೆ ಸಹಜವಾಗಿಯೇ ಬಂತು. ಅಕ್ಕನ ಮಗಳು ಮರಳಬೇಕೆಂದಳು. ನನಗೆ ಹಾಗನ್ನಿಸುವುದಿಲ್ಲ. ಚಾಲುಕ್ಯರ ಕಾಲದ ಕಲ್ಯಾಣದಲ್ಲಿ ಉಳಿದಿರುವುದು ಬಹಳ ಕಡಿಮೆ. ಅವನನ್ನು ನಿಲ್ಲಿಸಲು ಅವನ ಬಾಗಿಲೇ ಇಲ್ಲ. ಅವನ ಮೈಮೇಲಿನ ತಮಿಳು ಬರಹವೂ ಈಗ ಅವನ ಬದುಕಿನ ಭಾಗ, ಅದನ್ನು ಓದಬಲ್ಲ ಜನರ ನಡುವೆ ಅವನು ಇರುವುದರಲ್ಲಿ ತಪ್ಪಿಲ್ಲ. ಆದರೆ ಬಸವಕಲ್ಯಾಣದ ಕೋಟೆಗೆ ಬರುವ ಶಾಲೆಯ ಮಕ್ಕಳಿಗೆ ಇಂಥವನೊಬ್ಬ ನಮ್ಮ ಊರಿನಲ್ಲಿದ್ದ ಎಂಬುದು ಗೊತ್ತಾಗಬೇಕು. ಅವನ ಅಚ್ಚು ತೆಗೆದು, ಪೀಠದ ಬರಹವೂ ಕಾಣುವಂತೆ ಪ್ರತಿಕೃತಿಯೊಂದನ್ನು ಮಾಡಿಸಿ, ಅದರ ಪಕ್ಕದಲ್ಲಿ ಆ ತಮಿಳು ಸಾಲಿನ ಅರ್ಥವನ್ನೂ ಹೊಟ್ಟೂರು ಶಾಸನದ ಪಾಠವನ್ನೂ ಕನ್ನಡದಲ್ಲಿ ಬರೆಸಿ ಕೋಟೆಯೊಳಗೆ ಇಡಬಹುದು. ಅದಕ್ಕೆ ಎರಡು ರಾಜ್ಯಗಳ ಪುರಾತತ್ವ ಇಲಾಖೆಗಳ ನಡುವೆ ಒಂದು ಒಪ್ಪಿಗೆ ಸಾಕು.