ಕುದಿಯುವ ಮೊದಲೇ ಇಳಿಸಬೇಕಾದ ವೈನ್

ಮಸಾಲೆ ಹಾಕಿ ಬಿಸಿ ಮಾಡಲು ದುಬಾರಿ ವೈನ್ ತೆರೆಯುವುದು ನನಗೆ ಸರಿ ಕಾಣುವುದಿಲ್ಲ. ಓಕ್ ಪೀಪಾಯಿಯಲ್ಲಿ ಮಾಗಿದ ವೈನಿನ ನವಿರಾದ ಪರಿಮಳವೆಲ್ಲ ಚಕ್ಕೆ ಲವಂಗದ ಎದುರು ಅಡಗಿಹೋಗುತ್ತದೆ. ಒಗರು ಮಾತ್ರ ಎದ್ದು ನಿಲ್ಲುತ್ತದೆ. ಮೊನ್ನೆ ಚಳಿಯ ಸಂಜೆ ಗೆಳೆಯರು ಬರುವವರಿದ್ದಾಗ ನಾನು ಆರಿಸಿಕೊಂಡದ್ದು ಮೆರ್ಲೋ ದ್ರಾಕ್ಷಿಯ ಸಾದಾ ಕೆಂಪು ವೈನ್, 750 ಮಿಲಿಲೀಟರಿನ ಒಂದು ಬಾಟಲಿ.

ಮೊದಲು ಕಿತ್ತಳೆ ಹಣ್ಣು. ಸಿಪ್ಪೆ ಹೆರೆಯುವಾಗ ಅವಸರ ಸಲ್ಲದು. ಮೇಲಿನ ತೆಳು ಪದರದಲ್ಲಿ ಪರಿಮಳದ ಎಣ್ಣೆ, ಅದರಡಿಯ ಬಿಳಿ ಪದರದಲ್ಲಿ ಕಹಿ. ಚಾಕುವಿನ ಅಲಗು ಇವೆರಡರ ನಡುವೆ ಸರಿಯಾಗಿ ಸಾಗಿದರೆ ಸಿಪ್ಪೆ ತೆಳ್ಳಗೆ ಸುರುಳಿ ಸುತ್ತಿಕೊಂಡು ಬರುತ್ತದೆ. ಅದನ್ನು ಬಗ್ಗಿಸಿದೊಡನೆ ಕಣ್ಣಿಗೆ ಕಾಣುವಷ್ಟು ಸಣ್ಣ ಹನಿಗಳು ಚಿಮ್ಮಿ, ಬೆರಳಿಗೆ ಹತ್ತಿದ ಘಮ ರಾತ್ರಿಯವರೆಗೂ ಹೋಗುವುದಿಲ್ಲ.

ಈ ಪಾನೀಯದಲ್ಲಿ ಒಂದು ಪೇಚಿದೆ. ಚಕ್ಕೆ, ಲವಂಗಗಳು ರಸ ಬಿಡಬೇಕಾದರೆ ಚೆನ್ನಾಗಿ ಕುದಿಯಬೇಕು. ವೈನ್ ಮಾತ್ರ ಕುದಿಯಕೂಡದು. ಆಲ್ಕೋಹಾಲಿನ ಕುದಿಬಿಂದು ಸುಮಾರು 78 ಡಿಗ್ರಿ ಸೆಲ್ಸಿಯಸ್. ಕುದಿಸುತ್ತ ಹೋದರೆ ಅದೂ ಹಾರಿಹೋಗುತ್ತದೆ, ಹಣ್ಣಿನ ಕಂಪೂ ಹಾರಿಹೋಗುತ್ತದೆ. ಆದ್ದರಿಂದ ಸಕ್ಕರೆ, ಕಿತ್ತಳೆ ರಸ, ಸಿಪ್ಪೆ, ಒಂದು ಚಕ್ಕೆ, ನಾಲ್ಕೈದು ಲವಂಗ, ಒಂದು ಚಕ್ರಮೊಗ್ಗು, ಎರಡು ಏಲಕ್ಕಿ ಹಾಕಿ, ಸಕ್ಕರೆ ಮುಳುಗುವಷ್ಟೇ ವೈನ್ ಸುರಿದು ಜೋರು ಉರಿಯಲ್ಲಿ ಕುದಿಸಿದೆ. ಗುಳ್ಳೆಗಳು ದಪ್ಪವಾಗಿ, ಪಾಕ ಅಂಟು ಬರುವ ಹೊತ್ತಿಗೆ ಅಡುಗೆಮನೆಯೆಲ್ಲ ಘಮಘಮ. ಮಸಾಲೆ ಇಡಿಯಾಗಿಯೇ ಇರಬೇಕು. ಪುಡಿ ಹಾಕಿದರೆ ವೈನ್ ಕದಡಿ ಗಂಟಲಿಗೆ ಹತ್ತುತ್ತದೆ. ಲವಂಗವಂತೂ ಎಣಿಸಿಯೇ ಹಾಕಬೇಕು. ಅದರಲ್ಲಿರುವ ಯೂಜಿನಾಲ್ ಎಂಬ ಎಣ್ಣೆಯಂಥ ಅಂಶ ಹೆಚ್ಚಾದರೆ ನಾಲಗೆ ಜೋಮು ಹಿಡಿಯುತ್ತದೆ.

ಈ ಕ್ರಮ ಬಹಳ ಹಳೆಯದು. ಪ್ರಾಚೀನ ರೋಮನ್ನರೂ ಮೊದಲು ಜೇನುತುಪ್ಪವನ್ನು ಸ್ವಲ್ಪವೇ ವೈನಿನೊಂದಿಗೆ ಕಾಯಿಸಿ, ಮೆಣಸು, ಕೇಸರಿ, ಹುರಿದ ಖರ್ಜೂರದ ಬೀಜ ಸೇರಿಸಿ, ಉಳಿದ ವೈನನ್ನು ಆಮೇಲೆ ಬೆರೆಸುತ್ತಿದ್ದರು. ಇಷ್ಟು ಶತಮಾನಗಳಾಚೆಯ ಅಡುಗೆಯವರೂ ಇದೇ ಹಾದಿ ಹಿಡಿದಿದ್ದರಲ್ಲ ಎಂದು ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ.

ಉರಿ ತೀರ ಸಣ್ಣದು ಮಾಡಿ ಉಳಿದ ವೈನ್ ಸುರಿದೆ. ಮೇಲೆ ಆವಿ ಆಡುತ್ತಿರಬೇಕು, ಅಂಚಿನಲ್ಲಿ ಒಂದು ಗುಳ್ಳೆಯೂ ಏಳಬಾರದು. ಮದ್ಯ ಮುಟ್ಟದ ಗೆಳೆಯನಿಗೆಂದು ಇನ್ನೊಂದು ಪಾತ್ರೆಯಲ್ಲಿ ಕಪ್ಪು ದ್ರಾಕ್ಷಿ ರಸಕ್ಕೆ ಅದೇ ಮಸಾಲೆ ಹಾಕಿ, ಸಕ್ಕರೆ ಬಿಟ್ಟು, ನಿಂಬೆರಸ ಹಿಂಡಿದೆ. ಲೋಟಗಳ ತಳಕ್ಕೆ ಸ್ವೀಡನ್ನಿನವರ ಬಿಸಿ ಮಸಾಲೆ ವೈನ್ ಗ್ಲೋಗ್‌ನಂತೆ ಒಣದ್ರಾಕ್ಷಿ, ಬಾದಾಮಿ ಹಾಕಿ ಬಿಸಿಬಿಸಿಯಾಗಿ ಸೋಸಿ ಕೊಟ್ಟೆ. ವೈನ್ ಹೀರಿ ಉಬ್ಬಿದ ಆ ಒಣದ್ರಾಕ್ಷಿಗೆ ಚಮಚ ಹುಡುಕದವರಿಲ್ಲ.

ಮುಂದಿನ ಸಲ ಏಲಕ್ಕಿ ಬಿಟ್ಟು ಶುಂಠಿ ಹಾಕು ಎಂದಳು ಗೆಳತಿ. ಶುಂಠಿ ಬರಲಿ, ಆದರೆ ಏಲಕ್ಕಿಯನ್ನು ನಾನು ಬಿಡುವವನಲ್ಲ.