ನಡುವೆ ಉಂಗುರ ಬಿದ್ದ ಸೋಪು

ಜುಲೈ ತಿಂಗಳ ಮಳೆ. ಶಿರಸಿ ಕಡೆ ಆ ಮಳೆ ಹೇಗಿರುತ್ತದೆ ಅಂತ ಕಂಡವರಿಗೆ ಗೊತ್ತು. ಹೊದಿಕೆಯೂ ತಣ್ಣಗೆ, ಡಬ್ಬಿಯಲ್ಲಿಟ್ಟ ಹಪ್ಪಳವೂ ಮೆತ್ತಗೆ. ಅಂಥ ಒಂದು ದಿನ ಕೆಂಪು ಬಣ್ಣಕ್ಕೆ ಮಂಜಿಷ್ಠ ಬೇರಿನ ಪುಡಿ ಹಾಕಿ ಒಂದು ಕೆಜಿ ಎಣ್ಣೆಯ ಸೋಪು ಮಾಡಿದ್ದೆ. ಮರದ ಅಚ್ಚಿಗೆ ಸುರಿದು, ಮೇಲೊಂದು ಟವೆಲ್ ಹೊದಿಸಿ ಮಲಗಿದೆ. ಮರುದಿನ ಮಧ್ಯಾಹ್ನ ಕೊಯ್ದು ನೋಡಿದರೆ ಪ್ರತಿ ತುಂಡಿನ ನಡುವೆ ಒಂದು ಅಂಡಾಕಾರದ ಕಲೆ. ಒಳಗೆ ಗಾಢ ಇಟ್ಟಿಗೆ ಕೆಂಪು, ಸುತ್ತ ಮಾಸಲು ಗುಲಾಬಿ. ಬಾಳೆಮರ ಅಡ್ಡ ಕಡಿದಾಗ ನಡುವೆ ದಿಂಡು ಕಾಣುತ್ತದಲ್ಲ, ಥೇಟ್ ಹಾಗೆ.

‘ಡಿಸೈನ್ ಅಂತ ಹೇಳಿ ಕೊಡು, ಹತ್ತು ರೂಪಾಯಿ ಜಾಸ್ತಿ ಸಿಗ್ತದೆ’ ಅಂದರು ನಮ್ಮವರು. ನನಗೆ ಅಳು ಬರುವುದೊಂದು ಬಾಕಿ.

ಕೆಟ್ಟಿರಲಿಲ್ಲ ಅದು. ನೊರೆ ಸರಿ, ಮೈಗೂ ಸರಿ. ಅರ್ಧ ಭಾಗ ಮಾತ್ರ ಜೆಲ್ ಆಗಿತ್ತು, ಅಷ್ಟೇ. ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಸೇರಿದಾಗ ಅದು ತನ್ನಷ್ಟಕ್ಕೇ ಬಿಸಿಯಾಗುತ್ತದೆ. ಅಚ್ಚಿಗೆ ಸುರಿದ ಮೇಲೂ ಕಾವು ಏರುತ್ತಲೇ ಇರುತ್ತದೆ. ಸುಮಾರು 65–70 ಡಿಗ್ರಿ ದಾಟಿದಾಗ ಹಿಟ್ಟಿನ ಹಾಗಿದ್ದದ್ದು ಅಂಬಲಿಯಂತೆ, ಆಮೇಲೆ ಜೆಲ್ಲಿಯಂತೆ ಅರೆಪಾರದರ್ಶಕ ಆಗುತ್ತದೆ. ಅದೇ ಜೆಲ್. ಶುರುವಾಗುವುದು ಸಾಮಾನ್ಯವಾಗಿ ನಡುವಿನಿಂದ. ಅಂಚಿನ ಕಾವು ಮರಕ್ಕೆ, ಗಾಳಿಗೆ ಹೋಗಿಬಿಡುತ್ತದೆ. ಹೊರಗೆ ಚಳಿ ಇದ್ದರೆ ಜೆಲ್ ಅಂಚು ಮುಟ್ಟುವ ಮೊದಲೇ ನಿಂತುಬಿಡುತ್ತದೆ. ನಿಂತ ಗೆರೆಯೇ ಆ ಉಂಗುರ.

ಬಣ್ಣ ಹಾಕದ ಸೋಪಿನಲ್ಲಿ ಇದು ಅಷ್ಟು ಕಾಣುವುದಿಲ್ಲ. ಬಣ್ಣ ಹಾಕಿದಿರೋ, ಮುಗಿಯಿತು.

ಆಮೇಲೆ ನಾನು ಒಂದು ಕೆಲಸ ಮಾಡಿದೆ, ಎಲ್ಲರೂ ಒಮ್ಮೆ ಮಾಡಿ ನೋಡಬೇಕಾದದ್ದು. ಒಂದೇ ಪಾತ್ರೆಯಲ್ಲಿ ಕಲಸಿದ ಸೋಪನ್ನು ಎರಡು ಹಾಲಿನ ಪೆಟ್ಟಿಗೆಗೆ ಅರ್ಧರ್ಧ ಸುರಿದೆ. ಒಂದನ್ನು ಸೀದಾ ಫ್ರಿಜ್ಜಿಗೆ ಇಟ್ಟೆ. ಇನ್ನೊಂದನ್ನು ಥರ್ಮೊಕೋಲ್ ಪೆಟ್ಟಿಗೆಯೊಳಗಿಟ್ಟು ಹಳೇ ಕಂಬಳಿ ಸುತ್ತಿದೆ. ಎರಡು ಗಂಟೆ ಬಿಟ್ಟು ಕಂಬಳಿಯದ್ದಕ್ಕೆ ಥರ್ಮಾಮೀಟರ್ ಚುಚ್ಚಿದರೆ 71 ಡಿಗ್ರಿ. ಕೊಯ್ದು ಅಕ್ಕಪಕ್ಕ ಇಟ್ಟಾಗ ಒಂದೇ ಪಾತ್ರೆಯವು ಅಂತ ಯಾರೂ ನಂಬುವ ಹಾಗಿರಲಿಲ್ಲ. ಕಂಬಳಿಯ ತುಂಡಿನಲ್ಲಿ ಮಂಜಿಷ್ಠದ ಕೆಂಪು ಒಳಗಿಂದ ಬಂದ ಹಾಗೆ, ಸ್ವಲ್ಪ ಹೊಳಪು, ಅಂಚು ಬೆಳಕಿಗೆ ಹಿಡಿದರೆ ತೆಳುವಾಗಿ ಹೊಳೆಯುತ್ತದೆ. ಫ್ರಿಜ್ಜಿನದ್ದು ಸುಣ್ಣ ಕಲಸಿದ ಹಾಗೆ ಮಂಕು ಗುಲಾಬಿ. ನೀಲಿಯಲ್ಲೂ, ಅಂದರೆ ಇಂಡಿಗೊ ಪುಡಿಯಲ್ಲೂ, ಇದೇ ಕಥೆ. ಜೆಲ್ ಆದದ್ದು ಹೊಸ ಜೀನ್ಸ್, ಆಗದ್ದು ಹತ್ತು ವರ್ಷ ಒಗೆದ ಜೀನ್ಸ್. ಅಷ್ಟು ದಿನ ನಾನು ಬಣ್ಣ ಕಡಿಮೆಯಾಯಿತು ಅಂತ ಸುಮ್ನೆ ಚಮಚ ಚಮಚ ಪುಡಿ ಸುರಿಯುತ್ತಿದ್ದೆ. ಕಡಿಮೆಯಾಗಿದ್ದದ್ದು ಪುಡಿ ಅಲ್ಲ, ಕಾವು.

ಮಳೆಗಾಲದಲ್ಲಿ ಕಾವು ಎಲ್ಲಿಂದ ತರುವುದು? ನಮ್ಮನೆಯಲ್ಲಿ ಓವನ್ ಇಲ್ಲ, ಬಚ್ಚಲ ಒಲೆ ಇದೆ. ಹಂಡೆಯ ಪಕ್ಕದ ಕಟ್ಟೆ ದಿನವಿಡೀ ಬೆಚ್ಚಗಿರುತ್ತದೆ. ಅಚ್ಚನ್ನು ಅಲ್ಲಿಟ್ಟೆ, ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಮರುದಿನ ಉಂಗುರ ಮತ್ತೆ ಹಾಜರ್! ಈ ಸಲ ನಡುವೆ ಅಲ್ಲ, ಒಲೆಯ ಕಡೆಗೆ ವಾಲಿಕೊಂಡು. ಒಲೆಯ ಕಡೆಯ ಅಂಚಿನ ತನಕ ಜೆಲ್, ಗೋಡೆಯ ಕಡೆ ಹಸಿ. ಈಗ ಅಚ್ಚಿಗೆ ಸುತ್ತಲೂ ಕಂಬಳಿ ಸುತ್ತಿ, ಕಟ್ಟೆಯ ಮೇಲೊಂದು ಹಲಗೆ ಹಾಕಿ, ಅರ್ಧ ಗಂಟೆಗೊಮ್ಮೆ ತಿರುಗಿಸಿಡುತ್ತೇನೆ. ಮೊದಲ ಎರಡು ಗಂಟೆ ಇಷ್ಟು ನೋಡಿಕೊಂಡರೆ ಸಾಕು.

ನೀರಿನ ಲೆಕ್ಕವೂ ಇದೆ. ನನ್ನ ಅಳತೆ: ತೆಂಗಿನೆಣ್ಣೆ 450 ಗ್ರಾಂ, ಆಲಿವ್ ಎಣ್ಣೆ 450, ಹರಳೆಣ್ಣೆ 100. ಇದಕ್ಕೆ 5 ಶೇಕಡಾ ಎಣ್ಣೆ ಮಿಗುವ ಹಾಗೆ ಕಾಸ್ಟಿಕ್ 148 ಗ್ರಾಂ. ನೀರು 380 ಗ್ರಾಂ ಹಾಕಿದರೆ ಬೇಗ ಜೆಲ್ ಆಗುತ್ತದೆ, 300ಕ್ಕೆ ಇಳಿಸಿದರೆ ಅದೇ ಜೆಲ್‌ಗೆ ಜಾಸ್ತಿ ಕಾವು ಬೇಕು. ಹಾಗಾಗಿ ಮಳೆಗಾಲದಲ್ಲಿ ನೀರು ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಒಂದೇ ಎಚ್ಚರ, ಬಿಳಿಗೆ ಟೈಟಾನಿಯಂ ಡೈಆಕ್ಸೈಡ್ ಹಾಕಿ, ನೀರೂ ಜಾಸ್ತಿ ಹಾಕಿ, ಚೆನ್ನಾಗಿ ಕಾವು ಕೊಟ್ಟರೆ ಬಿಳಿಯೊಳಗೆ ಗಾಜಿನಂಥ ನರಗಳು ಓಡುತ್ತವೆ. ಬಿಳಿ ಪದರ ಬೇಕಿದ್ದ ದಿನ ನಾನು 300 ಗ್ರಾಂ ದಾಟುವುದಿಲ್ಲ. (ನಿಮ್ಮ ಎಣ್ಣೆ ಬೇರೆಯಾದರೆ ಕಾಸ್ಟಿಕ್ಕಿನ ಲೆಕ್ಕವೂ ಬೇರೆ, ನನ್ನ 148 ಕದಿಯಬೇಡಿ. ಕಾಸ್ಟಿಕ್ಕನ್ನು ನೀರಿಗೆ ಹಾಕಿ, ನೀರನ್ನು ಕಾಸ್ಟಿಕ್ಕಿಗೆ ಅಲ್ಲ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಕೈಗವಸು, ಕನ್ನಡಕ ಹಾಕದೆ ಮಾಡುವವರ ಜೊತೆ ನನಗೆ ಮಾತಿಲ್ಲ.)

ಇನ್ನು ಬಣ್ಣಗಳು. ಮೊದಲ ಸಲ ಅರಿಶಿನ ಹಾಕಿದಾಗ ಪಾತ್ರೆಯಲ್ಲಿದ್ದದ್ದು ನೋಡನೋಡುತ್ತಲೇ ಕೆಂಪಗಾಯಿತು. ನಾನು ಗಾಬರಿಯಾಗಿ ಅತ್ತೆಯನ್ನು ಕರೆದೆ. ಅವರು ಬಗ್ಗಿ ನೋಡಿ, ‘ಇದೇನೇ, ಯಾರಿಗೆ ಆರತಿ?’ ಅಂದರು. ಹೌದಲ್ವಾ! ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ಆರತಿ ನೀರು ಮಾಡುವುದು ಚಿಕ್ಕಂದಿನಿಂದ ಕಂಡದ್ದೇ. ಸುಣ್ಣದ ಕೆಲಸವನ್ನು ಇಲ್ಲಿ ಕಾಸ್ಟಿಕ್ ಮಾಡಿತ್ತು. ಸೋಪು ಒಣಗುತ್ತಾ ಅದರ ಕ್ಷಾರ ಇಳಿದ ಹಾಗೆ ಕೆಂಪು ಹೋಗಿ ಕಿತ್ತಳೆ, ಆಮೇಲೆ ಸಾಸಿವೆ ಹಳದಿ. ಕಿಟಕಿ ಹತ್ತಿರ ಒಣಗಲು ಇಟ್ಟ ಸಾಲು ಒಂದೂವರೆ ತಿಂಗಳಲ್ಲಿ ಇನ್ನೂ ಬಿಳಚಿಕೊಂಡಿತು. ಅರಿಶಿನಕ್ಕೆ ಬಿಸಿಲು ಆಗುವುದಿಲ್ಲ. ಈಗ ಅದನ್ನು ಅಟ್ಟದ ಕತ್ತಲಲ್ಲೇ ಒಣಗಿಸುವುದು. ಅರ್ಧ ಕೆಜಿ ಎಣ್ಣೆಗೆ ಅರ್ಧ ಚಮಚ ಸಾಕು.

ಹಿತ್ತಲಲ್ಲಿ ಬೆಳೆದದ್ದೆಲ್ಲ ಸೋಪಿಗೆ ಬಣ್ಣ ಕೊಡುತ್ತದೆ ಅಂದುಕೊಂಡಿದ್ದೆ. ಬೀಟ್‌ರೂಟ್ ಹಾಕಿದೆ, ಸಂಜೆಗೆ ಹಳೇ ಹುಣಸೆಹಣ್ಣಿನ ಬಣ್ಣ. ಕೆಂಪು ದಾಸವಾಳ ಕೆಸರಾಯಿತು. ಶಂಖಪುಷ್ಪದ ಮೇಲೆ ತುಂಬ ಆಸೆ ಇಟ್ಟುಕೊಂಡಿದ್ದೆ, ಚಹಾದಲ್ಲಿ ಅಷ್ಟು ಚಂದದ ನೀಲಿ ಅದು. ಲಿಂಬೆ ಹಿಂಡಿದರೆ ನೇರಳೆಯಾಗುವ ಹೂವಿಗೆ ಕಾಸ್ಟಿಕ್ ತಾಗಿದರೆ ಏನಾಗಬಹುದು ಅಂತ ಮೊದಲೇ ಯೋಚಿಸಬೇಕಿತ್ತು. ಹಸಿರಾಯಿತು, ಹಳದಿಯಾಯಿತು, ಕೊನೆಗೆ ಗೋಧಿಹಿಟ್ಟು. ಕೇಸರಿಬಾತಿಗೆ ಹಾಕುವ ಬಣ್ಣವನ್ನೂ ಬಿಡಲಿಲ್ಲ ನಾನು. ಅದು ನಿಂತಿತು, ಆದರೆ ಪಕ್ಕದ ಬಿಳಿ ಪದರಕ್ಕೂ ಹರಿಯಿತು. ಕೊನೆಗೆ ನನ್ನ ಡಬ್ಬಿಯಲ್ಲಿ ಉಳಿದವು ಮಂಜಿಷ್ಠ, ಇಂಡಿಗೊ, ಇದ್ದಿಲ ಪುಡಿ, ಕೆಮ್ಮಣ್ಣು, ಮತ್ತೆ ಹೇಗಿದ್ದರೂ ಇರಲಿ ಅಂತ ಅರಿಶಿನ. ಇದ್ದಿಲಿಗೆ ಜೆಲ್ ಆದರೂ ಒಂದೇ, ಆಗದಿದ್ದರೂ ಹೆಚ್ಚುಕಮ್ಮಿ ಒಂದೇ. ಯಾವ ಪುಡಿಯಾದರೂ ನೇರ ಉದುರಿಸಬೇಡಿ. ಒಂದು ಚಮಚ ಎಣ್ಣೆಯಲ್ಲಿ ಗಂಟಿಲ್ಲದ ಹಾಗೆ ಕಲಸಿ ಹಾಕಿ, ಇಲ್ಲದಿದ್ದರೆ ಸೋಪಿನ ತುಂಬ ಚುಕ್ಕೆ.

ಎಲ್ಲ ಸೋಪಿಗೂ ಕಂಬಳಿ ಬೇಕು ಅಂತಲ್ಲ. ಈ ಪಾಠ ಏಪ್ರಿಲ್‌ನಲ್ಲಿ ಆಯಿತು. ತೆಂಗಿನಹಾಲು, ಜೇನುತುಪ್ಪ ಎರಡೂ ಹಾಕಿದ ಸೋಪಿಗೆ ಅಭ್ಯಾಸಬಲದಿಂದ ಕಂಬಳಿ ಸುತ್ತಿದೆ. ಸಕ್ಕರೆ ಅಂಶ ಇರುವುದೆಲ್ಲ ಕಾವನ್ನು ಇನ್ನೂ ಏರಿಸುತ್ತದೆ, ಅದರ ಮೇಲೆ ಬೇಸಿಗೆ. ಒಂದು ಗಂಟೆಯಲ್ಲಿ ನೆತ್ತಿ ಉದ್ದಕ್ಕೆ ಸೀಳಿ, ಸೀಳಿನಿಂದ ಬೆಲ್ಲದ ಪಾಕದಂತೆ ಉಕ್ಕಿ ಕಟ್ಟೆಗೆ ಇಳಿಯುತ್ತಿತ್ತು. ಬಣ್ಣವೋ, ಕೆನೆ ಬಿಳಿ ಬೇಕಿದ್ದ ಕಡೆ ಕಾಫಿ. ಹಾಲಿನ ಸೋಪು ಬೆಳ್ಳಗಿರಬೇಕು ಅಂದರೆ ಜೆಲ್ ಆಗಲೇಬಾರದು. ಈಗ ಅದನ್ನು ದೊಡ್ಡ ಅಚ್ಚಿಗೆ ಹಾಕುವುದೇ ಇಲ್ಲ. ಪುಟ್ಟ ಪುಟ್ಟ ಸಿಲಿಕೋನ್ ಅಚ್ಚುಗಳಿಗೆ ಸುರಿದು, ಇಡ್ಲಿ ಹಿಟ್ಟಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಒಂದು ದಿನ ಫ್ರಿಜ್ಜಿನಲ್ಲಿ. ಮೇಲೆ ತೆಳ್ಳಗೆ ಬೂದಿಯಂಥ ಬಿಳಿ ಪುಡಿ ಕೂರುತ್ತದೆ, ಜೆಲ್ ಆಗದವಕ್ಕೆ ಆ ಕಾಟ ಸ್ವಲ್ಪ ಜಾಸ್ತಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಆ ಮೊದಲ ಉಂಗುರದ ಸೋಪುಗಳನ್ನು ಯಾರಿಗೂ ಮಾರಲಿಲ್ಲ, ಮನೆಯಲ್ಲೇ ಖರ್ಚಾದವು. ಈಗ ಮತ್ತೆ ಮಂಜಿಷ್ಠ ಕಲಸಿದ್ದೇನೆ, ಹೊರಗೆ ಅದೇ ಮಳೆ. ಅಚ್ಚು ಬಚ್ಚಲ ಕಟ್ಟೆಯ ಮೇಲಿದೆ, ಆಗಲೇ ಎರಡು ಸಲ ತಿರುಗಿಸಿ ಬಂದೆ. ಸಂಜೆ ಅತ್ತೆ ಬಂದು ಕಂಬಳಿ ಮೇಲೊಮ್ಮೆ ಕೈಯಾಡಿಸಿ ಕೇಳಿದರು, ‘ಈ ಸಲ ಉಂಗುರ ಬರೋದಿಲ್ವಾ?’ ಇಲ್ಲ ಅತ್ತೆ ಅಂದೆ. ‘ಒಂದೆರಡಕ್ಕಾದರೂ ಬರಲಿ ಮಾರಾಯ್ತಿ, ನನ್ನ ಸೋಪು ಯಾವುದು ಅಂತ ಗುರುತು ಸಿಗ್ತಿತ್ತು’ ಅಂದರು.